ಹಳೆ ಹೆಲಿಕಾಪ್ಟರ್, ಕಡಿಮೆ ಬಾಡಿಗೆ: ಹತ್ತಬಹುದಾ?

ಪ್ರಶ್ನೆ (ವಿರಾಜಪೇಟೆಯಿಂದ): ಸರ್, ನೀವು ಹೆಲಿಕಾಪ್ಟರ್ ಮೇಂಟೆನೆನ್ಸ್ ಇಂಜಿನಿಯರ್ ಅಲ್ವಾ, ಒಂದು ಮಾತು ಕೇಳಬೇಕಿತ್ತು. ಮೇ ತಿಂಗಳಲ್ಲಿ ತಮ್ಮನ ಮದುವೆ. ಬೆಂಗಳೂರಿನಿಂದ ಗೋಣಿಕೊಪ್ಪಕ್ಕೆ ಹೆಲಿಕಾಪ್ಟರ್‌ನಲ್ಲೇ ಬರುತ್ತೇನೆ ಅಂತ ಅವನ ಹಠ. ಎರಡು ಕಡೆ ರೇಟ್ ಕೇಳಿದೆವು. ಒಂದು ಹೊಸದು, ಇನ್ನೊಂದು 20 ವರ್ಷ ಹಳೆಯದು, ಬಾಡಿಗೆ ತುಂಬಾ ಕಡಿಮೆ. ಅಪ್ಪ ಹಳೇದು ಬೇಡವೇ ಬೇಡ ಅಂತಿದ್ದಾರೆ.

ಉತ್ತರ: ವಯಸ್ಸು ಕೇಳಿ ಗಾಬರಿ ಆಗಬೇಡಿ. ಇದು ತೋಟದ ಜೀಪ್ ಥರ ಕೆಟ್ಟಾಗ ರಿಪೇರಿ ಮಾಡೋ ಗಾಡಿ ಅಲ್ಲ. ಇಂತಿಷ್ಟು ಗಂಟೆ ಹಾರಿದ ಮೇಲೆ, ನೋಡೋಕೆ ಚೆನ್ನಾಗಿದ್ದರೂ ಕೆಲವು ಭಾಗಗಳನ್ನು ಬಿಸಾಡಲೇಬೇಕು. ರಾಬಿನ್ಸನ್ ಆರ್44 ಅನ್ನೋ ಚಿಕ್ಕ ಹೆಲಿಕಾಪ್ಟರ್ ಆದರೆ 2,200 ಗಂಟೆ ಅಥವಾ 12 ವರ್ಷ, ಯಾವುದು ಮೊದಲು ಬರುತ್ತದೋ ಆಗ ಪೂರ್ತಿ ಬಿಚ್ಚಿ ಓವರ್‌ಹಾಲ್. ಶೆಡ್‌ನಲ್ಲಿ ಸುಮ್ನೆ ನಿಂತಿದ್ದರೂ ವರ್ಷದ ಲೆಕ್ಕ ಓಡುತ್ತಲೇ ಇರುತ್ತದೆ.

ಹೊಸದಾದರೆ ಸೇಫ್ ಅಂತಲೂ ಇಲ್ಲ. 2016ರಲ್ಲಿ ನಾರ್ವೆಯಲ್ಲಿ ಒಂದು ಸೂಪರ್ ಪೂಮಾ ಹೆಲಿಕಾಪ್ಟರಿನ ರೋಟರ್ (ಮೇಲೆ ತಿರುಗುವ ರೆಕ್ಕೆ) ಗಾಳಿಯಲ್ಲೇ ಕಳಚಿ 13 ಜನ ಹೋದರು. ಅದು 2009ರ ಮಷಿನ್, ಗೇರ್‌ಬಾಕ್ಸ್ ಒಳಗಿನ ಒಂದು ಗೇರ್ ಬಿರುಕು ಬಿಟ್ಟಿತ್ತು.

ಹಾಗಾದರೆ ಹಳೆಯದರ ಬಾಡಿಗೆ ಯಾಕೆ ಕಡಿಮೆ? ಸಾಲ ತೀರಿರುತ್ತದೆ, ಇನ್ಶೂರೆನ್ಸ್ ಕಡಿಮೆ. ಅಷ್ಟಕ್ಕೇ ಕಡಿಮೆ ಆದರೆ ಸರಿ. ಮೇಂಟೆನೆನ್ಸ್ ಖರ್ಚು ಮಾತ್ರ ಹಳೆಯದಕ್ಕೇ ಜಾಸ್ತಿ. ರಿವೆಟ್ ಸುತ್ತ ಬಿಳಿ ಪುಡಿ ಕಂಡರೆ ಅಲ್ಯೂಮಿನಿಯಂ ಅನ್ನು ತುಕ್ಕು ತಿನ್ನುತ್ತಿದೆ ಅಂತ ಅರ್ಥ, ಶೀಟ್ ಬಿಚ್ಚಿ ನೋಡಬೇಕು. ಗೇರ್‌ಬಾಕ್ಸ್‌ನ ಎಣ್ಣೆಯಲ್ಲಿನ ಲೋಹ ಹಿಡಿಯುವ ಮ್ಯಾಗ್ನೆಟ್ ಪ್ಲಗ್‌ಗೆ ಲೋಹದ ಚೂರು ಅಂಟಿದ್ದರೆ ಅದು ಎಲ್ಲಿಂದ ಬಂತು ಅಂತ ಗೊತ್ತಾಗುವವರೆಗೆ ಮಷಿನ್ ನೆಲದ ಮೇಲೇ. ಅಷ್ಟು ದಿನ ಬಾಡಿಗೆ ಇಲ್ಲ. ಇಲ್ಲಿ ಉಳಿಸೋಕೆ ಹೋಗುವವರ ಹತ್ತಿರ ಹೋಗಬೇಡಿ.

ಹಳೆಯದು ನಿಜವಾಗಿ ಸೋಲುವುದು ಬಿದ್ದ ಮೇಲೆ. ಹೊಸ ಡಿಸೈನ್‌ನಲ್ಲಿ ಹೊಡೆತ ತಡೆಯುವ ಸೀಟು, ಸುಲಭವಾಗಿ ಒಡೆಯದ ಇಂಧನ ಟ್ಯಾಂಕ್ ಇರುತ್ತದೆ. ಅಮೆರಿಕದಲ್ಲಿ ಹೊಸದಾಗಿ ತಯಾರಾಗುವ ಎಲ್ಲವಕ್ಕೂ ಅಂಥ ಟ್ಯಾಂಕ್ ಕಡ್ಡಾಯವಾಗಿದ್ದೇ 2020ರಲ್ಲಿ. ಕೆಲವು ಹಳೆ ಮಾಡೆಲ್‌ಗೆ ಆಮೇಲೆ ಹಾಕಿಸಬಹುದು. ಹಾಕಿಸಿದ್ದೀರಾ ಅಂತ ಕೇಳಿ.

ವಿಟಿ (VT) ಅಂತ ಶುರುವಾಗುವ ನೋಂದಣಿ ನಂಬರ್ ತಗೊಂಡು, ಅದೇ ಮಷಿನ್ ಬಾಡಿಗೆಗೆ ಕೊಡುವವರ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ಪರ್ಮಿಟ್‌ನಲ್ಲಿ ಇದೆಯಾ ನೋಡಿ. ಖಾಸಗಿ ಬಳಕೆಗೆ ನೋಂದಾಯಿಸಿದ ಹೆಲಿಕಾಪ್ಟರನ್ನು ಬಾಡಿಗೆಗೆ ಓಡಿಸುವ ಹಾಗಿಲ್ಲ. ತುಂಬಾ ಅಗ್ಗ ಇದ್ದರೆ ನಾನಂತೂ ಮೊದಲು ಇದನ್ನೇ ನೋಡುತ್ತೇನೆ.

ಇನ್ನೊಬ್ಬರು (ಮಡಿಕೇರಿ): ಎರಡು ಇಂಜಿನ್ ಇರೋದು ತಗೊಂಡರೆ ಮುಗೀತಲ್ವಾ ಅಣ್ಣ?

ಉತ್ತರ: ಒಂದು ಇಂಜಿನ್ ಕೈಕೊಟ್ಟರೆ ಇನ್ನೊಂದು ಕಾಪಾಡುತ್ತದೆ, ನಿಜ. ಖರ್ಚೂ ಹಾಗೇ ಏರುತ್ತದೆ. ಆದರೆ ಮೋಡಕ್ಕೆ ಅದೇನೂ ಲೆಕ್ಕಕ್ಕಿಲ್ಲ. 2009ರಲ್ಲಿ ನಲ್ಲಮಲ ಕಾಡಲ್ಲಿ ವೈ.ಎಸ್. ರಾಜಶೇಖರ ರೆಡ್ಡಿಯವರಿದ್ದದ್ದು ಬೆಲ್ 430. 2021ರಲ್ಲಿ ಕುನೂರಿನ ಹತ್ತಿರ ಜನರಲ್ ಬಿಪಿನ್ ರಾವತ್ ಅವರಿದ್ದದ್ದು ಎಂಐ-17. ಎರಡಕ್ಕೂ ಎರಡೆರಡು ಇಂಜಿನ್ ಇತ್ತು, ಎರಡೂ ಗುಡ್ಡದ ಮೇಲಿನ ಕೆಟ್ಟ ಹವೆಯಲ್ಲೇ ಬಿದ್ದವು. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನದ ಮಳೆ ಹೇಗಿರುತ್ತದೆ ಅಂತ ನಿಮಗೇ ಗೊತ್ತು.

ಪ್ರಶ್ನೆ ಕೇಳಿದವರು: ಹಾಗಾದರೆ ಮುಹೂರ್ತಕ್ಕೆ ಸರಿಯಾಗಿ ಬರಬೇಕು ಅಂತ ಒತ್ತಾಯ ಮಾಡಬಾರದು?

ಉತ್ತರ: ಖಂಡಿತ ಬೇಡ. ಹಿಂದಿನ ದಿನ ಬೆಳಿಗ್ಗೆಯೇ ಬರಲಿ. ಪೈಲಟ್ ಆಗಲ್ಲ ಅಂದರೆ ದುಡ್ಡು ವಾಪಸ್ಸಾ ಅಂತ ಮೊದಲೇ ಬರೆಸಿಕೊಳ್ಳಿ, ಬೆಂಗಳೂರಲ್ಲಿ ಒಂದು ಇನೋವಾ ರೆಡಿ ಇಟ್ಟಿರಿ.