ಅಪ್‌ಡೇಟ್: ತುಕ್ಕು ಹಿಡಿದ ಅಡೆಗಲ್ಲನ್ನೇ ತಂದೆ

ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕ ಎರಡು ಅಡೆಗಲ್ಲುಗಳಲ್ಲಿ (ಕಾದ ಕಬ್ಬಿಣ ಇಟ್ಟು ಬಡಿಯುವ ಲೋಹದ ದಿಮ್ಮಿ, ಆನ್ವಿಲ್) ಕಮ್ಮಾರಿಕೆಗೆ ಹೊಸಬನಾದ ನಾನು ಯಾವುದನ್ನು ಕೊಳ್ಳಲಿ ಎಂದು ಇಲ್ಲಿ ಕೇಳಿದ್ದೆ. ಒಂದಕ್ಕೆ ಮಿರಮಿರ ನೀಲಿ ಬಣ್ಣ, ಇನ್ನೊಂದು ಪೂರ್ತಿ ತುಕ್ಕು. ನೀವು ಹೇಳಿದಂತೆ ಬೇರಿಂಗ್‌ನ ಉಕ್ಕಿನ ಗುಂಡು ತಗೊಂಡು ಹೋದೆ; ಅದು ಹೆಚ್ಚು ಪುಟಿದರೆ ಅಡೆಗಲ್ಲಿನ ಮೇಲ್ಮೈ ಗಟ್ಟಿ ಅಂತ ಲೆಕ್ಕ. ಹತ್ತು ಇಂಚು ಮೇಲಿಂದ ಬಿಟ್ಟರೆ ನೀಲಿಯದರ ಮೇಲೆ ಮೂರು ಇಂಚೂ ಏಳಲಿಲ್ಲ, ಬರೀ ಬೀಡುಕಬ್ಬಿಣ. ತುಕ್ಕಿನದರ ಮೇಲೆ ಎಂಟು ಇಂಚು ಪುಟಿಯಿತು! ಸುತ್ತಿಗೆ ತಾಗಿಸಿದರೆ ಗಂಟೆಯ ನಾದ.

ವೈರ್ ಬ್ರಷ್‌ನಲ್ಲಿ ಉಜ್ಜಿದಾಗ ಪಕ್ಕದಲ್ಲಿ 1 1 10 ಅಂತ ಕಾಣಿಸಿತು. ಇದು ಇಂಗ್ಲೆಂಡಿನ ಹಳೆ ತೂಕದ ಲೆಕ್ಕ: ಮೊದಲ ಅಂಕಿಗೆ 112 ಪೌಂಡ್, ಎರಡನೆಯದಕ್ಕೆ 28, ಕೊನೆಯದು ಬಿಡಿ ಪೌಂಡ್. ಒಟ್ಟು 150, ಅಂದರೆ ಸುಮಾರು 68 ಕೆಜಿ. ಗುಜರಿ ತಕ್ಕಡಿ 67 ತೋರಿಸಿತು.

ಅಂಚು ಎರಡು ಕಡೆ ಮುಕ್ಕಾಗಿದೆ. ಗ್ರೈಂಡರ್ ಹಿಡಿಯಲು ಕೈ ತುರಿಸಿತ್ತು, ಆದರೆ ಮುಟ್ಟಲ್ಲ. ಮೇಲಿನ ಗಟ್ಟಿ ಉಕ್ಕಿನ ಹಲಗೆ ತೆಳು, ಸವೆಸಿದರೆ ಮತ್ತೆ ಬರಲ್ಲ. ಜಾಲಿ ಕೊರಡಿನ ಮೇಲೆ ಕೂರಿಸಿ, ನಿನ್ನೆ ಮೊದಲ ಕುಡುಗೋಲು ಬಡಿದೆ. ಎಲ್ಲರಿಗೂ ತುಂಬಾ ಥ್ಯಾಂಕ್ಸ್.