ಮಂಜು, ಎಂಜಿನ್ ಬಿಸಿ ಇದ್ದಾಗ ಟ್ಯಾಪೆಟ್ ಮುಟ್ಟಬೇಡ

ಹಾಂ ಮಂಜು, ನಿನ್ನ ಮೆಸೇಜ್ ಈಗ ನೋಡಿದೆ. "ದೊಡ್ಡಪ್ಪಾ, ಗಾಡಿ ಎಂಜಿನ್ ಹೆಡ್ ಕಡೆಯಿಂದ ಟಕಟಕ ಅಂತಿದೆ, ಎಂಜಿನ್ ಹೋಗಿಬಿಡುತ್ತಾ, ವಿಡಿಯೊ ನೋಡಿಕೊಂಡು ಮನೆಯಲ್ಲೇ ಟ್ಯಾಪೆಟ್ ಟೈಟ್ ಮಾಡಿಬಿಡಲಾ" ಅಂತ ಕೇಳಿದ್ದೀಯ. ನನಗೆ ಈ ಸಣ್ಣ ಅಕ್ಷರ ಒತ್ತುತ್ತಾ ಕೂರೋಕೆ ಆಗಲ್ಲ, ಅದಕ್ಕೆ ಮಾತಾಡಿ ಕಳಿಸುತ್ತಿದ್ದೇನೆ. ಉದ್ದ ಆಗುತ್ತೆ. ಗ್ರೂಪಲ್ಲಿರುವ ಎಲ್ಲರೂ ಕೇಳಿಸಿಕೊಳ್ಳಿ.

ಗಾಬರಿ ಬೇಡ. ಎಂಜಿನ್ನಿನ ಬಾಯಿ ತೆಗೆದು ಮುಚ್ಚುವುದು ವಾಲ್ವ್, ಅದನ್ನು ಒತ್ತುವ ತೋಳು ರಾಕರ್, ಆ ತೋಳಿನ ತುದಿಯಲ್ಲಿ ಗ್ಯಾಪ್ ಹೊಂದಿಸುವ ಸ್ಕ್ರೂಗೇ ನಾವು ಟ್ಯಾಪೆಟ್ ಅನ್ನುವುದು. ಟಕಟಕ ಅಂದರೆ ಬಹುಶಃ ರಾಕರ್‌ಗೂ ವಾಲ್ವ್‌ಗೂ ನಡುವೆ ಗ್ಯಾಪ್ ಜಾಸ್ತಿ ಆಗಿದೆ, ಅಷ್ಟೆ. ಅದರಿಂದ ನಾಳೆ ಬೆಳಗ್ಗೆ ಎಂಜಿನ್ ಹೋಗುವುದಿಲ್ಲ. ನನಗೆ ಭಯ ಆಗಿದ್ದು ನೀನು "ಟೈಟ್ ಮಾಡಲಾ" ಅಂದೆಯಲ್ಲ, ಆ ಮಾತಿಗೆ. ಟ್ಯಾಪೆಟ್ಟನ್ನು ಟೈಟ್ ಮಾಡುವುದಲ್ಲ ಕಣೋ, ಸೆಟ್ ಮಾಡುವುದು. ಅದೂ ಎಂಜಿನ್ ಪೂರ್ತಿ ತಣ್ಣಗಿದ್ದಾಗ. ಬಿಸಿ ಇದ್ದಾಗ ಯಾವ ಕಾರಣಕ್ಕೂ ಮುಟ್ಟಬೇಡ.

ನಮ್ಮ ಹೀರೋ ಹೋಂಡಾ ಸಿಡಿ 100 ಬೈಕ್ ನಿಮಗೆಲ್ಲ ನೆನಪಿದೆ ಅಲ್ವಾ, ಕೆಂಪು ಟ್ಯಾಂಕಿನದು. ನಿಮ್ಮಪ್ಪ ಗಾಡಿ ಕಲಿತಿದ್ದೂ ಅದರಲ್ಲೇ. "ಫಿಲ್ ಇಟ್, ಶಟ್ ಇಟ್, ಫರ್ಗೆಟ್ ಇಟ್" ಅಂತ ಜಾಹೀರಾತು ಬರುತ್ತಿತ್ತು ಅದಕ್ಕೆ. ಜನ ಪೆಟ್ರೋಲ್ ಹಾಕಿ ಮುಚ್ಚಿ ನಿಜವಾಗಿಯೂ ಮರೆತರು, ಆಯಿಲ್ ಕೂಡ ಮರೆತರು. ನಾನು ಮರೆತವನಲ್ಲ. ಆದರೆ ಆ ಸಲ ರೇಷ್ಮೆ ಗೂಡು ಬಿಡಿಸುವ ಕೆಲಸದಲ್ಲಿ ಮೂರು ಹೊತ್ತೂ ಚಂದ್ರಿಕೆ, ಅದೇ ಹುಳ ಗೂಡು ಕಟ್ಟುವ ತಟ್ಟೆ, ಅದರ ಮುಂದೆ ಕೂತಿದ್ದೆ. ಗಾಡಿ ಸ್ವಲ್ಪ ಸದ್ದು ಮಾಡುತ್ತಿತ್ತು. ನಮ್ಮ ಭಾಮೈದ, ಅದೇ, ನಿಮ್ಮ ದೊಡ್ಡಮ್ಮನ ತಮ್ಮ, "ಬಾವಾ, ನಾನು ಸರಿ ಮಾಡಿಸಿಕೊಂಡು ಬರ್ತೀನಿ" ಅಂತ ಚಿಂತಾಮಣಿಗೆ ಹೊಡೆದುಕೊಂಡು ಹೋದ. ಬಿಸಿಲಲ್ಲಿ ಓಡಿಸಿಕೊಂಡು ಹೋದ ಗಾಡಿ. ಎಂಜಿನ್ ಮೇಲೆ ನೀರು ಬಿದ್ದರೆ ಚುರ್ ಅನ್ನಬೇಕು, ಅಷ್ಟು ಬಿಸಿ. ಯಾವನೋ ಮೆಕ್ಯಾನಿಕ್ ಅಲ್ಲೇ ನಿಂತ ಹಾಗೆ ಟ್ಯಾಪೆಟ್ ಮೇಲಿನ ಕ್ಯಾಪ್ ಬಿಚ್ಚಿ, ಗ್ಯಾಪ್ ಅಳೆಯುವ ಗೇಜೂ ಇಲ್ಲ ಗೀಜೂ ಇಲ್ಲ, ಬೆರಳಲ್ಲಿ ಅಲ್ಲಾಡಿಸಿ ನೋಡಿ, ಸದ್ದು ನಿಲ್ಲುವವರೆಗೆ ಬಿಗಿದು ಕಳಿಸಿದ. ಇವನು ವಾಪಸ್ ಬಂದು "ನೋಡಿ ಬಾವಾ, ಹೊಲಿಗೆ ಮಿಷನ್ ಥರ ಓಡ್ತಿದೆ" ಅಂದ. ನಿಜ, ಸದ್ದೇ ಇರಲಿಲ್ಲ.

ಆಮೇಲೆ ಒಂದೊಂದೇ ಶುರುವಾಯಿತು. ಬೆಳಗ್ಗೆ ಸ್ಟಾರ್ಟ್ ಆಗುವುದು ತಡ. ಕಿಕ್ಕರ್ ತುಳಿದರೆ ಕಾಲಿಗೆ ತಡೆಯೇ ಸಿಗುವುದಿಲ್ಲ, ಬುಸ್ ಅಂತ ಇಳಿದುಹೋಗುತ್ತದೆ. ಸೈಲೆನ್ಸರ್‌ನಲ್ಲಿ ಪಟ್ ಪಟ್. ನಾನು ಕಾರ್ಬುರೇಟರ್ ಕಸ ಇರಬೇಕು ಅಂದುಕೊಂಡೆ, ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ. ಕೊನೆಗೆ ಶಿಡ್ಲಘಟ್ಟದ ಮಾರ್ಕೆಟ್‌ಗೆ ಗೂಡು ಕಟ್ಟಿಕೊಂಡು ಹೊರಟ ದಿನವೇ, ಏರಿನಲ್ಲಿ ಗಾಡಿ ಉಸಿರು ಬಿಟ್ಟಿತು. ಗೂಡು ಚೀಲದಲ್ಲಿ ಬಿಸಿಲಿಗೆ ಕಾಯುವ ವಸ್ತುವಲ್ಲ, ಬೆವರಿ ಮೆತ್ತಗಾಗುತ್ತದೆ. ಅಂಗಲಾಚಿ ಒಂದು ಆಟೊ ಹಿಡಿದು ಹೋಗುವ ಹೊತ್ತಿಗೆ ಒಳ್ಳೆ ಹರಾಜೆಲ್ಲ ಮುಗಿದಿತ್ತು. ಉಳಿದ, ನೂಲು ತೆಗೆಯುವ ರೀಲರ್‌ಗಳು ಚೀಲದೊಳಗೆ ಕೈ ಹಾಕಿ ನೋಡಿ ಮುಖ ಸಿಂಡರಿಸಿ ಮುಂದೆ ಹೋದರು. ಬಂದ ರೇಟಿಗೆ ಕೊಟ್ಟು ಬಂದೆ.

ಚಿಕ್ಕಬಳ್ಳಾಪುರದಲ್ಲಿ ಹೆಡ್ ಬಿಚ್ಚಿಸಿದಾಗ ನಾನೇ ಕೂತು ನೋಡಿದೆ. ಹೊಗೆ ಹೊರಗೆ ಬಿಡುವ ಎಕ್ಸಾಸ್ಟ್ ವಾಲ್ವಿನ ಅಂಚು ಒಂದು ಕಡೆ ಉಗುರಿನಷ್ಟು ಸುಟ್ಟುಹೋಗಿತ್ತು, ಸುತ್ತ ಬೂದುಬಣ್ಣ. ಆ ವಾಲ್ವ್ ಮೈಯೆಲ್ಲ ಕೆಂಡವಾಗಿರುತ್ತದೆ ಮಂಜು. ಅದರ ಕಾವು ಇಳಿಯುವುದು ಮುಖ್ಯವಾಗಿ ತನ್ನ ಸೀಟಿನ ಮೇಲೆ, ಅಂದರೆ ಹೆಡ್‌ನಲ್ಲಿರುವ ಬಳೆಯ ಮೇಲೆ, ಗಟ್ಟಿಯಾಗಿ ಕೂತಾಗ, ಆಗ ಕಾವು ಹೆಡ್‌ಗೆ ಹೋಗುತ್ತದೆ. ಗ್ಯಾಪ್ ಬಿಡದೆ ಬಿಗಿದರೆ ಎಂಜಿನ್ ಓಡುವಾಗ ವಾಲ್ವ್ ಹಿಗ್ಗಿ, ರಾಕರ್‌ಗೆ ತಾಗಿ, ಪೂರ್ತಿ ಕೂರುವುದೇ ಇಲ್ಲ. ಸಂದಿಯಲ್ಲಿ ಬೆಂಕಿ ನುಗ್ಗಿ ನುಗ್ಗಿ ಅಂಚನ್ನು ತಿನ್ನುತ್ತದೆ. ಹೊಸ ವಾಲ್ವ್, ಸೀಟ್ ಕಟಿಂಗ್, ಪೇಸ್ಟ್ ಹಾಕಿ ಉಜ್ಜುವುದು, ಪೋರ್ಟಿಗೆ ಪೆಟ್ರೋಲ್ ಸುರಿದು ಸೋರುತ್ತಾ ನೋಡುವುದು, ಎಲ್ಲ ಆಯಿತು. ಒಂದು ಬಿಗಿತಕ್ಕೆ ಇಷ್ಟು. ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಬಿಸಿ ಎಂಜಿನ್ ಮೇಲೆ ಟ್ಯಾಪೆಟ್ ಮುಟ್ಟಬೇಡ, ಸದ್ದು ನಿಲ್ಲಿಸಬೇಕು ಅಂತ ಬಿಗಿಯಬೇಡ.

ದುಡ್ಡು ಯಾರು ಕೊಟ್ಟರು ಕೇಳಿ. ಭಾಮೈದ ಈ ಗ್ರೂಪಲ್ಲೇ ಇದ್ದಾನೆ, ಕೇಳಿಸಿಕೊಳ್ಳಲಿ. ಒಂದು ಮಾತು "ತಪ್ಪಾಯ್ತು ಬಾವಾ" ಅನ್ನಲಿಲ್ಲ. ದುಡ್ಡು ಹೋಗಲಿ ಬಿಡು. ಆ ರಿಪೇರಿ ಆದಮೇಲೆ ನಾನು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಒಳ್ಳೆ ಫೀಲರ್ ಗೇಜ್, ಅದೇ ಗ್ಯಾಪ್ ಅಳೆಯುವ ತೆಳು ಉಕ್ಕಿನ ಎಲೆಗಳ ಗೊಂಚಲು, ತಂದಿದ್ದೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೆ. "ಒಂದು ದಿನಕ್ಕೆ ಕೊಡಿ" ಅಂತ ಅದನ್ನೂ ಇವನೇ ಒಯ್ದ. ಯುಗಾದಿ ಬಂತು, ಗೌರಿ ಹಬ್ಬ ಬಂತು, ಗೇಜ್ ಬರಲಿಲ್ಲ. ಕೊನೆಗೆ ನಾನೇ ಅವರ ಮನೆಗೆ ಹೋದರೆ ಅಡುಗೆಮನೆಯಲ್ಲಿ ಸ್ಟೌ ಬರ್ನರ್ ಕಿರಿಯಲು ಇಟ್ಟುಕೊಂಡಿದ್ದಾರೆ! 0.05 ಮಿ.ಮೀ. ದಪ್ಪದ ಎಲೆ ಸುರುಳಿ ಸುತ್ತಿಹೋಗಿದೆ. ನಿಮ್ಮ ದೊಡ್ಡಮ್ಮ "ಸುಮ್ನಿರಿ, ತಮ್ಮ ಅಲ್ವಾ" ಅಂದಳು. ಸುಮ್ಮನಿದ್ದೇನೆ, ಇವತ್ತಿನವರೆಗೂ ಸುಮ್ಮನೇ ಇದ್ದೇನೆ.

ಅಯ್ಯೋ, ನೀನು ಕೇಳಿದ್ದೇನು, ನಾನು ಹೇಳುತ್ತಿರುವುದೇನು.

ಮನೆಯಲ್ಲಿ ಮಾಡಬಹುದು, ಯಾಕಾಗಲ್ಲ. ಮೇಲಿನ ಮನೆಯವನು ಇದೇ ಗ್ರೂಪಲ್ಲಿ "ಟ್ಯಾಪೆಟ್ ಎಲ್ಲಾ ಮುಟ್ಟೋದೇ ಬೇಡ, ನಾನು ಮುಟ್ಟೇ ಇಲ್ಲ" ಅಂತ ಬರೆದಿದ್ದಾನಲ್ಲ, ಅವನದು ಯುಸಿಇ ಅನ್ನುವ ಎಂಜಿನ್ ಇರುವ ಬುಲೆಟ್. ಅದರಲ್ಲಿ ಹೈಡ್ರಾಲಿಕ್ ಟ್ಯಾಪೆಟ್, ಆಯಿಲ್ ಒತ್ತಡದಲ್ಲಿ ತಾನೇ ಸರಿ ಮಾಡಿಕೊಳ್ಳುತ್ತದೆ. ಅವನ ಮಾತು ನಿನ್ನ ಗಾಡಿಗೆ ಆಗಲ್ಲ. ನೀನು ಮೊದಲು ಆಯಿಲ್ ಲೆವೆಲ್ ನೋಡು. ಆಯಿಲ್ ಕಮ್ಮಿ ಇದ್ದರೂ ಮೇಲೆ ಟಕಟಕ ಬರುತ್ತದೆ. ಸರಿ ಇದ್ದರೆ ರಾತ್ರಿಯೆಲ್ಲ ಗಾಡಿ ನಿಲ್ಲಿಸಿ, ಬೆಳಗ್ಗೆ ಸ್ಟಾರ್ಟ್ ಮಾಡದೆ ಕೆಲಸಕ್ಕೆ ಕೂರು. ಕ್ಯಾಪ್ ಬಿಚ್ಚುವ ಮುಂಚೆ ಸುತ್ತ ಒರೆಸು, ನಮ್ಮ ಕಡೆಯ ಕೆಂಪು ಧೂಳು ಒಳಗೆ ಬಿದ್ದರೆ ಕಷ್ಟ. ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಎಂಜಿನ್ ಹಗುರವಾಗಿ ತಿರುಗುತ್ತದೆ. ಮ್ಯಾಗ್ನೆಟ್ ನಟ್‌ಗೆ ಸ್ಪ್ಯಾನರ್ ಹಾಕಿ ಎಂಜಿನ್ ಓಡುವ ದಿಕ್ಕಿಗೇ ನಿಧಾನಕ್ಕೆ ತಿರುಗಿಸು, ಕಿಂಡಿಯಲ್ಲಿ ಮಾರ್ಕ್ ನೋಡು. ಮೊದಲು ಎಫ್ ಬರುತ್ತದೆ, ಅದು ಬೆಂಕಿ ಹೊತ್ತುವ ಟೈಮಿಂಗ್, ಅಲ್ಲಿ ನಿಲ್ಲಬೇಡ. ಟಿ ಗೆರೆ ಬೇಕು, ಅದು ಪಿಸ್ಟನ್ ಪೂರ್ತಿ ಮೇಲೆ ಬಂದಿರುವ ಗುರುತು. ಟಿ ಬಂದಾಗ ಎರಡೂ ರಾಕರ್ ಬೆರಳಿಗೆ ಸ್ವಲ್ಪ ಅಲ್ಲಾಡಬೇಕು. ಒಂದು ಗಟ್ಟಿ ಇದ್ದರೆ ಇನ್ನೊಂದು ಪೂರ್ತಿ ಸುತ್ತು ತಿರುಗಿಸು. ಆದರೂ ಗಟ್ಟಿ ಅಂದರೆ ಅದೇ ಗ್ಯಾಪ್ ಇಲ್ಲದ ವಾಲ್ವ್, ಮೊದಲು ಅದನ್ನು ಸಡಿಲ ಮಾಡು.

ನಮ್ಮ ಹಳೆ ಗಾಡಿಗೆ ಎರಡೂ ಕಡೆ 0.05 ಮಿ.ಮೀ. ನಿನ್ನದಕ್ಕೆ ನನ್ನ ಲೆಕ್ಕ ಹಾಕಬೇಡ, ಗಾಡಿ ಜೊತೆ ಕೊಟ್ಟ ಪುಸ್ತಕ ನೋಡು. ಕೆಲವಕ್ಕೆ ಇನ್‌ಟೇಕ್ ಒಂದು, ಎಕ್ಸಾಸ್ಟ್ ಒಂದು ಅಳತೆ ಇರುತ್ತದೆ. ಎಲೆ ಸಂದಿಯಲ್ಲಿ ಸ್ವಲ್ಪ ಹಿಡಿದುಕೊಂಡ ಹಾಗೆ ಜಾರಬೇಕು. ಲಾಕ್‌ನಟ್ ಬಿಗಿಯುವಾಗ ಸ್ಕ್ರೂ ಜೊತೆಗೇ ತಿರುಗಿಬಿಡುತ್ತದೆ, ಅದನ್ನು ಹಿಡಿದುಕೊಂಡೇ ಬಿಗಿ. ಬಿಗಿದಮೇಲೆ ಮತ್ತೆ ಎಲೆ ಹಾಕಿ ನೋಡು. ಸಣ್ಣದಾಗಿ ಟಿಕ್ ಟಿಕ್ ಉಳಿದರೆ ಉಳಿಯಲಿ.

ಒಬ್ಬನೇ ಶುರು ಮಾಡಬೇಡ. ಶನಿವಾರ ರಾತ್ರಿಯೇ ಗಾಡಿ ತಂದು ನಮ್ಮ ಹಜಾರದಲ್ಲಿ ನಿಲ್ಲಿಸು, ಊಟಕ್ಕೆ ಇಲ್ಲೇ ಇರು, ಬೆಳಗ್ಗೆ ಇಬ್ಬರೂ ಮಾಡೋಣ. 9ರ ರಿಂಗ್ ಸ್ಪ್ಯಾನರ್ ನನ್ನ ಹತ್ತಿರ ಇದೆ. ಪುಸ್ತಕ ತಾ, ದಾರಿಯಲ್ಲಿ ಒಂದು ಹೊಸ ಗೇಜ್ ತಗೊಂಡು ಬಾ, ದುಡ್ಡು ನಾನು ಕೊಡುತ್ತೇನೆ. ಭಾಮೈದನ ಮನೆಯದು ಬೇಡ.