ಪಿಶೋಗ್: ಮಾಟವೇ, ಮೂಢನಂಬಿಕೆಯೇ?

ಪ್ರಶ್ನೆ: ಐರ್ಲೆಂಡಿನ ಹಳ್ಳಿಗಳ ದನಕರುಗಳ ಕುರಿತ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ‘ಪಿಶೋಗ್’ ಎಂಬ ಐರಿಷ್ ಪದ ಮತ್ತೆ ಮತ್ತೆ ಬರುತ್ತದೆ. ನಿಘಂಟು ‘ಮೂಢನಂಬಿಕೆ’ ಎನ್ನುತ್ತದೆ. ಆದರೆ ‘ಹುಲ್ಲಿನ ಗುಪ್ಪೆಯಲ್ಲಿ ಪಿಶೋಗ್ ಸಿಕ್ಕಿತು’ ಎಂಬಲ್ಲಿ ಆ ಅರ್ಥ ಕೂಡುವುದಿಲ್ಲ. ಬಲ್ಲವರು ತಿಳಿಸಬೇಕು.

ಉತ್ತರ: ಅಲ್ಲಿ ‘ಮಾಟ’ ಎಂದೇ ಬರೆಯಿರಿ. ಐರ್ಲೆಂಡಿನ ದಕ್ಷಿಣಕ್ಕಿರುವ ಮನ್ಸ್ಟರ್ ಸೀಮೆಯಲ್ಲಿ ಪಿಶೋಗ್ ಎಂದರೆ ಬರೀ ನಂಬಿಕೆಯಲ್ಲ, ಕೈಗೆ ಸಿಗುವ ವಸ್ತು. ನೆರೆಯವನ ಹುಲ್ಲಿನಲ್ಲೋ ಆಲೂಗಡ್ಡೆ ಸಾಲಿನಲ್ಲೋ ಬಚ್ಚಿಟ್ಟ ಮೊಟ್ಟೆ, ಕೊಳೆತ ಮಾಂಸ, ಕೆಲವೊಮ್ಮೆ ಸತ್ತ ಕರು. ಸಿಕ್ಕಿದ್ದನ್ನು ಬರಿಗೈಯಲ್ಲಿ ಮುಟ್ಟುವುದಿಲ್ಲ. ಸಲಿಕೆಯಿಂದ ಎತ್ತಿ ಸುಟ್ಟು, ಆ ಜಾಗಕ್ಕೆ ಚರ್ಚಿನ ಪವಿತ್ರ ಜಲ ಚಿಮುಕಿಸುತ್ತಾರೆ. ಮುಟ್ಟದಿರುವುದರಲ್ಲಿ ವಿವೇಕವೂ ಇದೆ: ಬ್ರುಸೆಲ್ಲೋಸಿಸ್ ರೋಗದಿಂದ ಹಸು ಹಾಕಿದ ಕಂದನ್ನು ಯಾರಾದರೂ ತಂದಿಟ್ಟರೆ, ಅದರಿಂದ ಇನ್ನೊಂದು ಮಂದೆಯ ಹಸುಗಳೂ ಕಂದು ಹಾಕಬಹುದು, ಆ ರೋಗ ಮನುಷ್ಯರಿಗೂ ಅಂಟುತ್ತದೆ.

ಆದರೂ ನಮ್ಮ ‘ಮಾಟ’ಕ್ಕೂ ಇದಕ್ಕೂ ಒಂದು ವ್ಯತ್ಯಾಸವಿದೆ, ಅನುವಾದದಲ್ಲಿ ಅದು ಕಳೆದುಹೋಗಬಾರದು. ಪಿಶೋಗಿನ ಗುರಿ ಹೆಚ್ಚಾಗಿ ನೆರೆಯವನನ್ನು ಕೆಡಿಸುವುದಷ್ಟೇ ಅಲ್ಲ, ಅವನ ಹೈನನ್ನು ತನ್ನ ಕೊಟ್ಟಿಗೆಗೆ ಎಳೆದುಕೊಳ್ಳುವುದು. ಮೇ 1ರ ಬೆಳಗ್ಗೆ, ಸೂರ್ಯ ಹುಟ್ಟುವ ಮುನ್ನ, ನೆರೆಯವನ ಹುಲ್ಲುಗಾವಲಿನ ಇಬ್ಬನಿಯ ಮೇಲೆ ಬಟ್ಟೆಯನ್ನೋ ಹಗ್ಗವನ್ನೋ ಎಳೆಯುವುದು, ಅವನ ಬಾವಿಯ ಮೇಲುನೀರನ್ನು ಮೊದಲಿಗರಾಗಿ ತೆಗೆಯುವುದು, ಇವೆಲ್ಲ ಅದಕ್ಕೇ. ಹೀಗೆ ಕಳೆದುಹೋಗುವ ಸತ್ವಕ್ಕೆ ಇಂಗ್ಲಿಷಿನಲ್ಲಿ ಹಾಲಿನ ‘ಲಾಭ’ ಎನ್ನುತ್ತಾರೆ. ‘ಲಾಭ’ ಎಂದರೆ ಅಂಗಡಿಯ ಲೆಕ್ಕದಂತೆ ಕೇಳುತ್ತದೆ. ಉತ್ತರ ಕರ್ನಾಟಕದ ‘ಬರಕತ್ತು’ ಎಷ್ಟೋ ಮೇಲು: ‘ಹಾಲಿನ ಬರಕತ್ತು ಹೋಯಿತು’ ಎಂದರೆ ಹಾಲಿದೆ, ಬೆಣ್ಣೆ ಬರುತ್ತಿಲ್ಲ ಎಂಬುದು ಓದುಗರಿಗೆ ತಟ್ಟನೆ ತಿಳಿಯುತ್ತದೆ.

ಬೆಣ್ಣೆ ಬರದಿರುವುದಕ್ಕೆ ಕಾರಣಗಳು ಸಾಮಾನ್ಯವಾಗಿ ಕಡೆಯುವ ಪಾತ್ರೆಯಲ್ಲೇ ಇರುತ್ತವೆ. ಕೆನೆ ಸುಮಾರು 12ರಿಂದ 16 ಡಿಗ್ರಿ ಸೆಲ್ಸಿಯಸ್ ಇರಬೇಕು. ತಣ್ಣಗಾದರೆ ಜಿಡ್ಡಿನ ಕಣಗಳು ಕೂಡಿಕೊಳ್ಳುವುದಿಲ್ಲ, ಬಿಸಿಯಾದರೆ ಬೆಣ್ಣೆ ಮೆತ್ತಗಾಗಿ ಮಜ್ಜಿಗೆಯಲ್ಲೇ ಉಳಿಯುತ್ತದೆ. ಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಿಸಿದರೆ ಬರೀ ನೊರೆ. ಹಳ್ಳಿಯವರ ತಿಳಿವಳಿಕೆಯಲ್ಲಿ ಬೆಣ್ಣೆ ಬರದಿರುವುದೇ ಕಳವಿನ ಗುರುತಾಗಿತ್ತು. ಅದಕ್ಕೇ ಕಡೆಯುವಾಗ ಒಳಬಂದವರು ‘ದೇವರು ಒಳ್ಳೆಯದು ಮಾಡಲಿ’ ಎಂದು ತಾವೂ ಕಡೆಗೋಲಿಗೆ ಕೈಹಚ್ಚಬೇಕಿತ್ತು. ಹಾಗೆ ಮಾಡದೆ ಹೊರಟವರ ಮೇಲೆ ಅನುಮಾನ. ಮೇ 1ರಂದು ಮನೆಯಿಂದ ಬೆಂಕಿ, ಹಾಲು, ಉಪ್ಪು ಹೊರಗೆ ಕೊಡದಿರುವುದೂ ಇದೇ ಭಯದಿಂದ.

ಇಂಥ ಕಟ್ಟುಪಾಡುಗಳನ್ನೂ ಪಿಶೋಗ್ ಎನ್ನುವುದುಂಟು. ಅಲ್ಲಿ ‘ನಂಬಿಕೆ’ ಸಾಕು, ‘ಮೂಢ’ ಬೇಡ. ಐರಿಷ್ ಪದದಲ್ಲಿ ಹೀಗಳಿಕೆ ಇರಲೇಬೇಕೆಂದಿಲ್ಲ. ಬಳಕೆ ನೋಡಲು 1937ರಿಂದ 1939ರವರೆಗೆ ಐರಿಷ್ ಜಾನಪದ ಆಯೋಗ ಶಾಲಾಮಕ್ಕಳಿಂದ ಬರೆಸಿದ ಸಂಗ್ರಹ ಅಂತರ್ಜಾಲದಲ್ಲಿದೆ. ಬಹುವಚನ ‘ಪಿಶೋಗ’, ಕನ್ನಡದಲ್ಲಿ ‘ಪಿಶೋಗ್‌ಗಳು’ ಎಂದರೆ ಸಾಕು.